ಸೆಲ್ಫಿ ತೆಗೆಯಬೇಡಿ, ಮನೆಗೂ ಹೋಗಬೇಡಿ

ಮಳೆಗಾಲ ಬಂತು, ಪ್ರಕಟಣೆಯೂ ಬಂತು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ನೀರು ಬಿಟ್ಟಿದ್ದಾರೆ. ಕೃಷ್ಣಾ ತೀರದವರು ನದಿಗೆ ಇಳಿಯಬಾರದು, ಬಟ್ಟೆ ತೊಳೆಯಬಾರದು, ದನ ಬಿಡಬಾರದು, ಸೆಲ್ಫಿ ತೆಗೆಯಬಾರದು. ಓದಿ ಮನಸ್ಸು ತುಂಬಿ ಬಂತು. ನಮ್ಮ ಜೀವದ ಮೇಲೆ ಎಷ್ಟು ಕಾಳಜಿ ಇವರಿಗೆ! ಸುಮ್ನೆ ಒಂದೇ ಒಂದು ಸಂಶಯ. ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾದವರು ಏನು ಮಾಡಬೇಕು? ಅವರ ಊರು ಇರುವುದೇ ನದಿಯ ನಡುವೆ. ನದಿಗೆ ಇಳಿಯದೆ ಮನೆ ಸೇರುವ ದಾರಿಯನ್ನು ಪ್ರಕಟಣೆಯಲ್ಲಿ ಬರೆಯಲು ಮರೆತಿದ್ದಾರೆ.

ಊರಿನ ಪರಿಚಯ ಮಾಡಿಕೊಡುತ್ತೇನೆ. ನಾಲ್ಕೂ ದಿಕ್ಕಿಗೆ ಕೃಷ್ಣೆ. ಆಚೆ ದಡ ತೆಲಂಗಾಣ, ಈಚೆ ದಡ ರಾಯಚೂರು. ಕೆಳಗಡೆ ಜುರಾಲಾ ಅಣೆಕಟ್ಟು, ಅದರ ಹಿನ್ನೀರು ಇಲ್ಲಿಯವರೆಗೂ ಬಂದು ನಿಲ್ಲುತ್ತದೆ. ಸಾರಿಗೆ ವ್ಯವಸ್ಥೆ ಅಂದರೆ ತೆಪ್ಪ. ಬಿದಿರಿನ ಹೆಣಿಗೆ, ಮೇಲೆ ಪ್ಲಾಸ್ಟಿಕ್ ಹಾಳೆ, ಅದಕ್ಕೆ ಡಾಂಬರು. ರಸ್ತೆಗೆ ಸಿಗದ ಡಾಂಬರು ತೆಪ್ಪಕ್ಕಾದರೂ ಸಿಕ್ಕಿತಲ್ಲ, ಅದೇ ಸಮಾಧಾನ. ಮಧ್ಯದಲ್ಲಿ ಬೈಕು ನಿಲ್ಲಿಸುತ್ತಾರೆ, ಒಬ್ಬ ಅದರ ಹ್ಯಾಂಡಲ್ ಹಿಡಿದು ನಿಲ್ಲುತ್ತಾನೆ. ಸುತ್ತ ಗೊಬ್ಬರದ ಚೀಲ, ದಿನಸಿ, ಸ್ಕೂಲಿನ ಮಕ್ಕಳು, ಮಡಿಲಲ್ಲಿ ಕೋಳಿ ಇಟ್ಟುಕೊಂಡ ಅಜ್ಜಿ. ಹುಟ್ಟು ಹಾಕುವವನು ಒಬ್ಬನೇ. ಮೊಸಳೆಗಳೂ ಇವೆ. ಇಲ್ಲಿ ತಪ್ಪದೆ ಡ್ಯೂಟಿಗೆ ಹಾಜರಾಗುವವು ಅವು ಮಾತ್ರ.

ಹಾಗಂತ ಊರಿನ ಕಡೆ ಯಾರೂ ಬರುವುದೇ ಇಲ್ಲ ಅಂತಲ್ಲ. ಅಲ್ಲೇ ಆಸುಪಾಸಿನ ನಡುಗಡ್ಡೆಗಳಲ್ಲಿ ದೇವರಿದ್ದಾನೆ. ಕುರುಗಡ್ಡೆಯಲ್ಲಿ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ, ನಾರದಗಡ್ಡೆಯಲ್ಲಿ ಚನ್ನಬಸವೇಶ್ವರರ ಮಠ. ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ. ನೀರಿನ ಮೇಲೆ ತೇಲುತ್ತಾ 'ಎಂಥಾ ಶಾಂತಿ ಇಲ್ಲಿ' ಅನ್ನುತ್ತಾರೆ. ಇರಬಹುದು. ಸಂಜೆಗೆ ವಾಪಸ್ ಹೋಗುವವರಿಗೆ ಶಾಂತಿ ಸ್ವಲ್ಪ ಜಾಸ್ತಿನೇ ಸಿಗುತ್ತದೆ. ನಡುರಾತ್ರಿ ಮಗುವಿಗೆ ಜ್ವರ ಏರಿದಾಗ ಅದೇ ಶಾಂತಿಯಲ್ಲಿ ತೆಪ್ಪದವನ ಹೆಸರು ಹಿಡಿದು ಕೂಗಬೇಕು, ಅಷ್ಟೇ ವ್ಯತ್ಯಾಸ.

ಇನ್ನು ಪ್ರವಾಹ. ನಮ್ಮ ಪ್ರವಾಹಕ್ಕೆ ನಮ್ಮ ಮಳೆಯ ಹಂಗಿಲ್ಲ. ರಾಯಚೂರಿನಲ್ಲಿ ಬಿಸಿಲು ಚುರುಗುಟ್ಟುತ್ತಿರುತ್ತದೆ, ರೈತ ಮೋಡ ನೋಡುತ್ತಾ ಕೂತಿರುತ್ತಾನೆ. ಮಳೆ ಬೀಳುವುದು ಮಹಾರಾಷ್ಟ್ರದ ಘಟ್ಟದಲ್ಲಿ. ಕೊಯ್ನಾ ಅಣೆಕಟ್ಟಿನವರು ನೀರು ಬಿಡುತ್ತಾರೆ, ಆಲಮಟ್ಟಿಯವರು ಬಿಡುತ್ತಾರೆ, ನಾರಾಯಣಪುರದವರು ಬಿಡುತ್ತಾರೆ. ಎಷ್ಟು ಕ್ಯೂಸೆಕ್, ಯಾವ ಹೊತ್ತಿಗೆ, ಎಷ್ಟು ಗೇಟು ಎಲ್ಲದಕ್ಕೂ ಲೆಕ್ಕ ಇದೆ. ಬೀಗದ ಕೈ ಮನುಷ್ಯರ ಹತ್ತಿರವೇ ಇದೆ. ಆದರೂ ಊರು ಮುಳುಗಿದರೆ ಅದು ಪ್ರಕೃತಿ ವಿಕೋಪ. ಪಾಪ, ಪ್ರಕೃತಿ ಸಹಿ ಹಾಕಲ್ಲ ನೋಡಿ, ಯಾವ ಕಡತಕ್ಕೂ ಅದರ ಹೆಸರು ಬರೆಯಬಹುದು.

ಡಂಗುರ ಕೇಳಿದ ಕೂಡಲೇ ದಡದ ರೈತ ಮೊದಲು ಓಡುವುದು ಮೋಟರ್ ಬಿಚ್ಚಲಿಕ್ಕೆ. ಗಳ ತೂರಿಸಿ, ಆಚೆ ಇಬ್ಬರು ಈಚೆ ಇಬ್ಬರು ಹೆಗಲು ಕೊಟ್ಟು, ಕೆಸರಿನಲ್ಲಿ ಜಾರುತ್ತಾ ಮೇಲೆ ಹತ್ತಿಸುತ್ತಾರೆ. ಅದೇ ಹೊತ್ತಿಗೆ ಟಿವಿಯವರು ಶೀಲಹಳ್ಳಿ ಸೇತುವೆ ಮುಳುಗಿತು, ಹೂವಿನಹೆಡಗಿ ಸೇತುವೆ ಮುಳುಗಿತು ಅಂತ ಬೆರಗಿನಿಂದ ಓದುತ್ತಿರುತ್ತಾರೆ. ಹೊಳೆ ತುಂಬಿದಾಗಲೆಲ್ಲ ಮುಳುಗುವ ಸೇತುವೆಗೆ ಹೀಗೆ ಬೆರಗಾಗಲು ಒಳ್ಳೆಯ ತರಬೇತಿ ಬೇಕು. ಕುರ್ವಕಲಾದವರಿಗೆ ಆ ತಾಪತ್ರಯವೂ ಇಲ್ಲ. ಅವರ ಸೇತುವೆ ಕೆಲಸ ವರ್ಷಗಟ್ಟಲೆ ನಡೆದೂ ಮುಗಿಯಲಿಲ್ಲ. ಇಲ್ಲದ ಸೇತುವೆ ಮುಳುಗುವುದಿಲ್ಲ. ಇಂಥ ದೂರದೃಷ್ಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುತ್ತಾರೋ ಇಲ್ಲವೋ.

ಸಾಹೇಬರಿಗೆ ಬೇರೆಯದೇ ದೂರು. 'ಸ್ಥಳಾಂತರ ಆಗಿ ಅಂದರೆ ಈ ಜನ ಒಪ್ಪಲ್ಲ' ಅನ್ನುತ್ತಾರೆ. ನಿಜ, ಒಪ್ಪಲ್ಲ. 2009ರ ಮಹಾಪೂರ ಆದ ಮೇಲೆ ಉತ್ತರ ಕರ್ನಾಟಕದ ತುಂಬ ಸಂತ್ರಸ್ತರಿಗೆ ಆಸರೆ ಮನೆ ಕಟ್ಟಿದರಲ್ಲ, ಅವುಗಳಲ್ಲಿ ಎಷ್ಟೋ ಮನೆಗಳಿಗೆ ಮೊದಲು ಪ್ರವೇಶ ಮಾಡಿದ್ದು ಜಾಲಿ ಮುಳ್ಳು. ನಡುಗಡ್ಡೆಯವನನ್ನು ದಡಕ್ಕೆ ತಂದು ಎರಡು ಕೋಣೆ ಕೊಟ್ಟಿರಿ ಅಂತಲೇ ಇಟ್ಟುಕೊಳ್ಳಿ. ಹೊಲ ಎಲ್ಲಿದೆ? ಗಡ್ಡೆಯಲ್ಲಿ. ದಿನಾ ಬೆಳಿಗ್ಗೆ ಹೋಗುವುದು ಹೇಗೆ? ತೆಪ್ಪದಲ್ಲಿ. ಇಲ್ಲಿಯ ತನಕ ಮನೆಯಿಂದ ಸಂತೆಗೆ ದಾಟುತ್ತಿದ್ದ, ಇನ್ನು ಮೇಲೆ ಮನೆಯಿಂದ ಹೊಲಕ್ಕೆ ದಾಟುತ್ತಾನೆ. ಇದಕ್ಕೆ ಶಾಶ್ವತ ಪರಿಹಾರ ಅಂತ ಹೆಸರು.

2020ರ ಆಗಸ್ಟ್‌ನಲ್ಲಿ ತೆಲಂಗಾಣದ ದಡದಿಂದ ಊರಿಗೆ ಮರಳುತ್ತಿದ್ದ ತೆಪ್ಪವೊಂದು ಮಗುಚಿತು. ನಾಲ್ವರು ಹೊಳೆ ಪಾಲಾದರು. ದಿನಸಿ ತರಲು ಹೋಗಿದ್ದವರು. ಇದರಲ್ಲಿ ತಮಾಷೆ ಮಾಡುವುದು ಏನೂ ಇಲ್ಲ. ಅಕ್ಕಿ ಬೇಳೆ ತರಲು ಹೋದ ಜನ ಸಾಯಬಾರದು. ಎಷ್ಟು ಸಲ ಹೇಳಬೇಕು ಇದನ್ನು?

ಮೇಲುಗಡೆ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯದೂ ಇದೇ ಕಥೆಯಾಗಿತ್ತು. 2013ರಲ್ಲಿ ಅಲ್ಲಿನ ತುಂಬು ಗರ್ಭಿಣಿಯೊಬ್ಬಳು ಒಣ ಸೋರೆಬುರುಡೆ ಕಟ್ಟಿಕೊಂಡು, ಮನೆಯವರ ಜೊತೆ ತುಂಬಿದ ಕೃಷ್ಣೆಯನ್ನು ಈಜಿ ದಾಟಿದಳು. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ ಅನ್ನುವುದಷ್ಟೇ ಅವಳ ಆಸೆ. ಸುದ್ದಿ ದೇಶ ದಾಟಿ ಹೋಯಿತು. ಎಲ್ಲರೂ ಸಾಹಸಿ, ವೀರಮಾತೆ ಅಂದರು. ಸಾಹಸ ಹೌದು. ಆದರೆ ಒಂಬತ್ತು ತಿಂಗಳ ಬಸುರಿ ಸಾಹಸ ಮಾಡಬೇಕಾಗಿ ಬಂದದ್ದು ಯಾರ ಹೊಣೆ? ಹೊಗಳುವುದಕ್ಕೆ ಟೆಂಡರ್ ಬೇಕಿಲ್ಲ, ಸೇತುವೆಗೆ ಬೇಕು. ಅದಕ್ಕೇ ಹೊಗಳಿಕೆ ಬೇಗ ಮುಗಿಯುತ್ತದೆ.

ಇನ್ನೊಂದು ಮಾತು. ನಮ್ಮ ವಿಧಾನಸಭೆ ಚುನಾವಣೆ 2013ರಲ್ಲಿ ಮೇ ತಿಂಗಳು, 2018ರಲ್ಲಿ ಮೇ, 2023ರಲ್ಲೂ ಮೇ. ಮೇ ಅಂದರೆ ಕೃಷ್ಣೆ ಸೊರಗಿ, ಬಂಡೆ ಮರಳು ಕಾಣುವ ಕಾಲ. ಮತ ಕೇಳಲು ಬಂದವರು ಹೊಳೆ ನೋಡಿ 'ಇಷ್ಟೇನಾ' ಅಂದುಕೊಂಡರೆ ಅವರ ತಪ್ಪೇನೂ ಇಲ್ಲ. ಮುಂದಿನ ಸಲವಾದರೂ ಈ ಗಡ್ಡೆಗಳ ಮಟ್ಟಿಗೆ ಪ್ರಚಾರವನ್ನು ಜುಲೈ ಕೊನೆಗೆ ಇಟ್ಟುಕೊಳ್ಳಿ ಅಂತ ಚುನಾವಣಾ ಆಯೋಗಕ್ಕೆ ಅರ್ಜಿ ಹಾಕೋಣ ಅಂತಿದ್ದೇನೆ. ಪಕ್ಷಭೇದ ಇಲ್ಲದೆ ಎಲ್ಲಾ ಅಭ್ಯರ್ಥಿಗಳಿಗೂ ಒಂದೊಂದು ಜೊತೆ ಸೋರೆಬುರುಡೆ ನನ್ನ ಖರ್ಚಿನಲ್ಲಿ.