ಬಡತನವನ್ನು ಆದಾಯದಾಚೆಗೂ ಅಳೆಯಬೇಕೆ?

ಪರ

ನೀರಿನಿಂದಲೇ ಶುರು ಮಾಡೋಣ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಜೊತೆ ಸೇರಿ 2010ರಲ್ಲಿ ರೂಪಿಸಿದ, ಆದಾಯದ ಬದಲು ಮನೆಯ ಹತ್ತು ಬಗೆಯ ಕೊರತೆಗಳನ್ನು ಎಣಿಸುವ ಬಹು ಆಯಾಮದ ಬಡತನ ಸೂಚ್ಯಂಕದಲ್ಲಿ ಒಂದು ಪ್ರಶ್ನೆ ಇದೆ: ಕುಡಿಯುವ ನೀರು ತರಲು ಹೋಗಿಬರುವುದಕ್ಕೆ ಅರ್ಧ ಗಂಟೆ ಹಿಡಿಯುತ್ತದೆಯೇ? ಹೌದೆಂದರೆ ಆ ಮನೆಗೆ ನೀರಿನ ಕೊರತೆ ಇದೆ ಎಂದೇ ಲೆಕ್ಕ. ಕೊಡ ಹೊತ್ತು ನಡೆಯುವವಳ ಆ ಅರ್ಧ ಗಂಟೆಯನ್ನು ಯಾವ ಆದಾಯದ ಅಂಕಿ ತೋರಿಸುತ್ತದೆ? ಊರಿನಲ್ಲಿ ಶಾಲೆಯೇ ಇಲ್ಲದಿದ್ದರೆ ಕೈಯಲ್ಲಿ ಕಾಸಿದ್ದೂ ಮಗುವನ್ನು ಎಲ್ಲಿಗೆ ಕಳುಹಿಸುವುದು?

ದಿನಕ್ಕೆ ಇಷ್ಟು ಡಾಲರ್‌ಗಿಂತ ಕಡಿಮೆ ಇದ್ದವರು ಕಡುಬಡವರು ಎನ್ನುವ ಬಡತನ ರೇಖೆಯಾದರೂ ಸ್ಥಿರವೇ? ದಿನಕ್ಕೆ 2.15 ಡಾಲರ್ ಎಂದಿದ್ದ ವಿಶ್ವಬ್ಯಾಂಕ್ ಅದನ್ನು 2025ರ ಜೂನ್‌ನಲ್ಲಿ 3 ಡಾಲರ್‌ಗೆ ಏರಿಸಿತು. ದೇಶ ದೇಶಗಳ ಬೆಲೆಗಳನ್ನು ಸರಿದೂಗಿಸುವ ಲೆಕ್ಕ ಬದಲಾದಾಗಲೆಲ್ಲ ಬಡವರ ಸಂಖ್ಯೆ ಬದಲಾಗುತ್ತದೆ. ಬಡವನ ಮನೆಯಲ್ಲಿ ಏನೂ ಬದಲಾಗಿರುವುದಿಲ್ಲ. ಸೌದೆ ಒಲೆಯ ಹೊಗೆ ನೈಜರ್‌ನಲ್ಲೂ ನೇಪಾಳದಲ್ಲೂ ಒಂದೇ, ಅದಕ್ಕೆ ವಿನಿಮಯ ದರ ಬೇಕಿಲ್ಲ. ಮೆಕ್ಸಿಕೊ 2009ರಿಂದ ಆದಾಯದ ಪಕ್ಕದಲ್ಲೇ ಶಿಕ್ಷಣ, ಆರೋಗ್ಯ ಸೇವೆ, ವಸತಿಯ ಕೊರತೆಗಳನ್ನೂ ಇಟ್ಟು ಅಳೆಯುತ್ತಿದೆ. ಜಾಣ ದಾರಿ.

ವಿರೋಧ

ಕೊರತೆಗಳನ್ನು ಎಣಿಸಲಿ, ಬೇಡವೆಂದವರಾರು? ತಕರಾರಿರುವುದು ಅವನ್ನೆಲ್ಲ ಕೂಡಿ ಒಂದೇ ಅಂಕಿ ಮಾಡುವುದಕ್ಕೆ. ಈ ಸೂಚ್ಯಂಕದಲ್ಲಿ ಆರೋಗ್ಯ, ಶಿಕ್ಷಣ, ಜೀವನಮಟ್ಟಕ್ಕೆ ತಲಾ ಮೂರನೇ ಒಂದು ತೂಕ. ಮನೆಯಲ್ಲಿ ಮಗು ಸತ್ತಿದ್ದರೆ ಆರನೇ ಒಂದು. ವಿದ್ಯುತ್, ಅಡುಗೆ ಇಂಧನ, ಶೌಚಾಲಯಕ್ಕೆ ತಲಾ ಹದಿನೆಂಟನೇ ಒಂದು. ಮೂರೂ ಸೇರಿದರೆ ಆರನೇ ಒಂದು. ಅಂದರೆ ಮಗುವಿನ ಸಾವು ಈ ಮೂರು ಇಲ್ಲದಿರುವುದಕ್ಕೆ ಸಮ! ಯಾವ ತಾಯಿ ಈ ತಕ್ಕಡಿಯನ್ನು ಒಪ್ಪಿಯಾಳು?

ಇನ್ನು, ಇಲ್ಲಿ ಲೆಕ್ಕಕ್ಕೆ ಸಿಗುವುದು ಮನೆ, ಮನುಷ್ಯರಲ್ಲ. ಒಬ್ಬರು ಆರು ವರ್ಷ ಓದಿದ್ದರೆ ಓದಿನ ವಿಷಯದಲ್ಲಿ ಇಡೀ ಮನೆ ಪಾಸು. ಗಂಡ ಏಳನೇ ತರಗತಿ, ಹೆಂಡತಿ ಹೆಬ್ಬೆಟ್ಟು. ಅವಳು ಕಾಣಿಸುವುದೇ ಇಲ್ಲ.

ನಮ್ಮ ನೀತಿ ಆಯೋಗ 2021ರಲ್ಲಿ ಈ ಜಾಗತಿಕ ಸೂಚ್ಯಂಕದ ಹತ್ತು ಅಂಶಗಳಿಗೆ ತಾಯಿಯ ಆರೋಗ್ಯವನ್ನೂ ಬ್ಯಾಂಕ್ ಖಾತೆಯನ್ನೂ ಸೇರಿಸಿತು. ಮೊದಲನೆಯದು ಸರಿ. ಎರಡನೆಯದರಲ್ಲಿ ಖಾತೆ ಇದ್ದರಾಯಿತು, ಅದರಲ್ಲಿ ದುಡ್ಡಿದೆಯೇ ಎಂದು ಕೇಳುವವರಿಲ್ಲ. 2013–14ರಲ್ಲಿ ಶೇ 29.17 ಇದ್ದ ಬಡತನ 2022–23ಕ್ಕೆ ಶೇ 11.28ಕ್ಕೆ ಇಳಿಯಿತೆಂದು ಆಯೋಗ ಸಾರಿತಲ್ಲ, ಆ ಎರಡೂ ವರ್ಷ ಈ ಲೆಕ್ಕಕ್ಕೆ ಆಧಾರವಾದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದಿರಲಿಲ್ಲ. ಬೇರೆ ವರ್ಷಗಳ ಸಮೀಕ್ಷೆಗಳಿಂದ ಗೆರೆ ಎಳೆದು ತೆಗೆದ ಅಂದಾಜು ಅದು.

2020ರ ಲಾಕ್‌ಡೌನ್‌ನಲ್ಲಿ ಕೂಲಿಯವರ ಮನೆಯ ಬಲ್ಬು, ಶೌಚಾಲಯ, ಬ್ಯಾಂಕ್ ಖಾತೆ ಎಲ್ಲಿಗೂ ಹೋಗಿರಲಿಲ್ಲ. ನಿಂತು ಹೋಗಿದ್ದು ಸಂಬಳ.