ಗಾಡಿ ಕೆಟ್ಟಿದ್ದಿಲ್ಲೆ, ನಿಂತಿದ್ದು ಅಷ್ಟೆ

ಕಳೆದ ಮಳೆಗಾಲದಲ್ಲಿ ಕುಮಟೆಯಿಂದ ಸಿರ್ಸಿಗೆ ಬರುವಾಗ ದೇವಿಮನೆ ಘಟ್ಟದ ತಿರುವಿನಲ್ಲಿ ಭಾವನ ಕಾರು ನಿಂತಿತು. ಬಾನೆಟ್ಟಿನಲ್ಲಿ ಹೊಗೆ, ಕಾಲಲ್ಲಿ ಉಂಬಳ. ‘ಕೆಟ್ಟೋತಾ ಭಾವಾ?’ ಎಂದೆ. ಅವನ ವಂಶಕ್ಕೇ ಬೈದಂತಾಯಿತು. ‘ಥೋ, ಈ ಕಂಪನಿ ಗಾಡಿ ಕೆಡ್ತಿಲ್ಲೆ ಮಾರಾಯಾ. ಸುಮ್ನೆ ನಿಂತಿದ್ದು, ಅಷ್ಟೆಯ.’

ಆ ವರ್ಷ ಅದು ಸುಮ್ಮನೆ ನಿಂತದ್ದು ನಾಲ್ಕನೆಯ ಸಲ. ಮೊದಲ ಸಲ ಪೆಟ್ರೋಲಿನಲ್ಲಿ ನೀರಿತ್ತಂತೆ. ಎರಡನೆಯ ಸಲ ಇಲಿ ವೈರು ಕಡಿದಿತ್ತು. (ಇದನ್ನು ನಾನೂ ಒಪ್ಪುತ್ತೇನೆ. ತೋಟದಂಚಿನ ಇಲಿಗಳು ಕಂಪನಿ ನೋಡಿ ಕಡಿಯುವುದಿಲ್ಲ.) ಮೂರನೆಯ ಸಲ ಅಕ್ಕ ಓಡಿಸಿದ್ದಳು, ಅಲ್ಲಿಗೆ ತನಿಖೆ ಮುಗಿಯಿತು. ಈ ಸಲದ ಆರೋಪಿ ಘಟ್ಟ. ಗಾಡಿ ನಾಲ್ಕೂ ಕೇಸಿನಲ್ಲಿ ಖುಲಾಸೆ.

ಪಕ್ಕದ ಮನೆಯವರ ಬೇರೆ ಕಂಪನಿ ಕಾರು ಒಂದೇ ಒಂದು ಸಲ ಪಂಚರ್ ಆದಾಗ ಇದೇ ಭಾವ, ‘ಆನು ಅವತ್ತೇ ಹೇಳಿದ್ನಿಲ್ಯ, ಆ ಕಂಪನಿನೇ ಸಮ ಇಲ್ಲೆ’ ಎಂದಿದ್ದ. ಟೈರಿನ ಕಂಪನಿ ಬೇರೆ ಎಂದು ನೆನಪಿಸಹೋಗಿ ನಾನು ಒಂದು ಹೊತ್ತಿನ ಚಾ ಕಳೆದುಕೊಂಡೆ.

ಅವನ ಮಗನಿಗೂ ಈಗ ಗಾಡಿ ಬೇಕಾಗಿದೆ. ‘ಗ್ಯಾರೇಜಿನವರನ್ನು ಒಂದು ಮಾತು ಕೇಳು’ ಎಂದೆ. ಭಾವ ಕವಳ ಉಗಿದು ಬಂದು ಹೇಳಿದ: ‘ಅವಂಗೆ ಎಂತಾ ಗೊತ್ತಿದ್ದು? ಅವ ನೋಡದೇ ಹಾಳಾದ ಗಾಡಿಯ.’

ಇತ್ತೀಚೆಗೆ ಒಂದು ಮದುವೆಮನೆಯಲ್ಲಿ ಊಟವಾದ ಮೇಲೆ ಚಪ್ಪರದಡಿ ಅಣ್ಣತಮ್ಮಂದಿರಿಬ್ಬರ ಜಗಳ ಹತ್ತಿತು. ಅಣ್ಣನದು ಮಾರುತಿ ಬಲೆನೊ, ತಮ್ಮನದು ಟೊಯೋಟಾ ಗ್ಲಾಂಝಾ. ‘ಟೊಯೋಟಾ ಅಂದ್ರೆ ಟೊಯೋಟಾನೇ, ಬಾಗಿಲು ಹಾಕಿದ ಸದ್ದೇ ಬೇರೆ’ ಎಂದು ತಮ್ಮ. ‘ಘಟ್ಟ ಹತ್ತಲಿಕ್ಕೆ ಮಾರುತಿ ಇಂಜಿನ್ನೇ ಆಗಬೇಕು’ ಎಂದು ಅಣ್ಣ. 2019ರಲ್ಲಿ ಬಂದ ಗ್ಲಾಂಝಾ ಎಂದರೆ ಸುಜುಕಿಯೇ ಮಾಡಿ ಕೊಡುವ ಬಲೆನೊ. ಇಂಜಿನ್ನೂ ಅದೇ, ಬಾಗಿಲೂ ಅದೇ, ಹಣೆಯ ಬೊಟ್ಟು ಮಾತ್ರ ಬೇರೆ. ಹುಡುಗಿ ನೋಡುವಾಗ ಏಳು ತಲೆಮಾರಿನ ಗೋತ್ರ ಕೆದಕುವ ನಮ್ಮವರಿಗೆ, ಅಂಗಳದಲ್ಲಿ ಅಕ್ಕಪಕ್ಕ ನಿಂತ ಎರಡು ಕಾರು ಸಗೋತ್ರವೆಂದು ತಿಳಿಯದು. ಸಗೋತ್ರವೇನು, ಒಂದೇ ಬಸುರಿನವು. ಇದನ್ನು ಹೇಳಿದ ಪುರೋಹಿತರ ಮೇಲೆ ಇಬ್ಬರೂ ಒಟ್ಟಿಗೆ ಸಿಟ್ಟಾದರು. ವರ್ಷಗಳಾದ ಮೇಲೆ ಅಣ್ಣತಮ್ಮಂದಿರು ಒಂದಾದರೆಂದು ಅವರ ಅಬ್ಬೆಗೆ ಖುಷಿಯೋ ಖುಷಿ.

ಇನ್ನು ಬೈಕು. ಹೀರೋ, ಹೊಂಡಾ ಎರಡೂ ಬೇರೆಯಾಗುವುದೆಂದು 2010ರಲ್ಲೇ ತೀರ್ಮಾನವಾಯಿತು. ಸಿರ್ಸಿ ಪೇಟೆಯಲ್ಲಿ ಆ ಹಿಸೆ ಇನ್ನೂ ಜಾರಿಗೆ ಬಂದಿಲ್ಲ. ಹೊಸ ಬೈಕು ತಂದರೂ ‘ಹೀರೋಹೊಂಡಾ ತಗಂಡೆ’ ಎನ್ನುವವರೇ.

ಹಾಗಾದರೆ ಸ್ವಂತ ಅನುಭವವನ್ನು ನಂಬೋಣವೆಂದರೆ ಅದರ ಕತೆ ಇನ್ನೂ ಚಂದ. ನಮ್ಮೂರ ನಿವೃತ್ತ ಮಾಸ್ತರರು ‘ಹತ್ತು ವರ್ಷದಲ್ಲಿ ಒಂದು ಸಲ ಕೈಕೊಟ್ಟಿಲ್ಲ’ ಎಂದು ತಮ್ಮ ಕಾರಿನ ಮೇಲೆ ಆಣೆ ಇಡುತ್ತಾರೆ. ಆ ಕಾರು ಅಡಕೆ ವ್ಯಾಪಾರದ ದಿನ ಸೊಸೈಟಿಗೆ ಹೋಗುತ್ತದೆ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಹೋಗುತ್ತದೆ. ಉಳಿದ ದಿನ ಅದರ ಮೇಲೆ ಹಪ್ಪಳ ಒಣಗುತ್ತದೆ. ಹಪ್ಪಳದ ವಿಷಯದಲ್ಲಿ ಅದು ನಿಜವಾಗಿಯೂ ಕೈಕೊಟ್ಟಿಲ್ಲ. ಕಾರವಾರದ ಸ್ನೇಹಿತರೊಬ್ಬರದು ಇದೇ ಮಾಡೆಲ್ಲು, ಇದೇ ಬಣ್ಣ. ಕಡಲ ಉಪ್ಪುಗಾಳಿಗೆ ತಳ ತುಕ್ಕು ಹಿಡಿದು, ಡ್ರೈವರ್ ಸೀಟಿನ ಕೆಳಗೆ ರಾಷ್ಟ್ರೀಯ ಹೆದ್ದಾರಿ 66ರ ದರ್ಶನವಾಗುತ್ತದಂತೆ. ‘ಕಂಪನಿಯೇ ಮೋಸ’ ಎಂದು ಅವರು. ತೆಂಗಿನ ಸೋಗೆಯ ಚಪ್ಪರದಡಿ ಕಡಲಿಗೆ ಮುಖ ಮಾಡಿ ನಿಲ್ಲಿಸಿದವರು ಯಾರೆಂದು ನಾನು ಕೇಳಲಿಲ್ಲ. ಚಾ ಕಳೆದುಕೊಂಡ ಅನುಭವ ಇತ್ತಲ್ಲ.

ಘಟ್ಟಕ್ಕೆ ಬರೋಣ. ತಾಸೊಂದಾದ ಮೇಲೆ ರಾಗಿಹೊಸಳ್ಳಿ ಕಡೆಯ ಪಿಕಪ್ಪೊಂದು ಬಂತು. ಭಾವ ಜನ್ಮದಲ್ಲಿ ಮುಟ್ಟೆನೆಂದ ಕಂಪನಿಯದು. ಅದರವ ಮರುಮಾತಿಲ್ಲದೆ ಇಳಿದು, ಹಗ್ಗ ಬಿಗಿದು, ಎಳೆಯತೊಡಗಿದ. ಭಾವ ಸ್ಟೇರಿಂಗ್ ಹಿಡಿದು ಕೂತ. ಮುಂದಿನ ಗಾಡಿಯ ಹೆಸರು ಕಣ್ಣಿಗೆ ಬೀಳದಂತೆ ತಲೆ ತಗ್ಗಿಸಿ ಹಗ್ಗವನ್ನೇ ನೋಡುತ್ತಿದ್ದ. ಘಟ್ಟದ ತಲೆಗೆ ಬಂದದ್ದೇ ಕಿಟಕಿಯಿಂದ ಕತ್ತು ಹೊರಚಾಚಿ ಕೂಗಿದ: ‘ಹಗ್ಗ ಭಾರೀ ಗಟ್ಟಿ ಉಂಟಲ್ಲ ತಮ್ಮಾ, ಯಾವ ಕಂಪನೀದು?’

‘ಗೊತ್ತಿಲ್ರಾ ಹೆಗ್ಡೇರೇ, ಮನೆ ಬಾವೀದು.’