ಗೂಗಲ್‌ಗೂ ಮೊದಲು ಮ್ಯಾನ್

ಲಿನಕ್ಸ್ ಕಲಿಯುವವರಿಗೆ ನನ್ನದು ಒಂದೇ ಒತ್ತಾಯ. ಕಮಾಂಡ್ ಬಗ್ಗೆ ಅನುಮಾನ ಬಂದರೆ ಬ್ರೌಸರ್‌ಗಿಂತ ಮೊದಲು 'ಮ್ಯಾನ್' (man, ಕಮಾಂಡಿನ ಕೈಪಿಡಿಯನ್ನು ಟರ್ಮಿನಲ್‌ನಲ್ಲೇ ತೋರಿಸುವ ಕಮಾಂಡ್) ತೆರೆಯಿರಿ. ನೆಟ್‌ನಲ್ಲಿ ಸಿಗುವ ಉತ್ತರ ಯಾವ ಆವೃತ್ತಿಗೆ ಬರೆದದ್ದೋ ಗೊತ್ತಾಗುವುದಿಲ್ಲ. ಮ್ಯಾನ್ ಪುಟವಾದರೆ ಸಾಮಾನ್ಯವಾಗಿ ನಿಮ್ಮಲ್ಲಿರುವ ಪ್ರೋಗ್ರಾಂ ಜೊತೆಗೇ ಇನ್‌ಸ್ಟಾಲ್ ಆದದ್ದು. ಪಠ್ಯ ತಿದ್ದುವ 'ಸೆಡ್' (sed) ಕಮಾಂಡಿನಲ್ಲಿ ಫೈಲನ್ನೇ ನೇರವಾಗಿ ಬದಲಿಸುವ ಹೈಫನ್ ಐ (-i) ಆಪ್ಷನ್ ನೋಡಿ: ಲಿನಕ್ಸ್‌ನಲ್ಲಿ ಅಷ್ಟೇ ಕೊಟ್ಟರೆ ಸಾಕು. ಮ್ಯಾಕ್‌ನಲ್ಲಿ ಅದರ ಮುಂದೆ ಬ್ಯಾಕಪ್ ಫೈಲಿನ ಎಕ್ಸ್‌ಟೆನ್ಷನ್ ಬೇಕೇ ಬೇಕು, ಬ್ಯಾಕಪ್ ಬೇಡವಾದರೆ ಖಾಲಿ ಕೋಟ್ಸ್. ಬಿಟ್ಟರೆ ಮುಂದಿನ ಪದವನ್ನೇ ಎಕ್ಸ್‌ಟೆನ್ಷನ್ ಎಂದು ತಿಳಿದು ಎರರ್ ಕೊಡುತ್ತದೆ.

ಹೊಸಬರು ಹೆಚ್ಚಾಗಿ ಎಡವುವುದು ಮ್ಯಾನ್ ಪುಟಗಳನ್ನು ವಿಂಗಡಿಸಿರುವ ವಿಭಾಗದ ಸಂಖ್ಯೆಯಲ್ಲಿ. ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಪಟ್ಟಿಯೇ ಕ್ರಾನ್‌ಟ್ಯಾಬ್ (crontab). 'ಮ್ಯಾನ್ ಕ್ರಾನ್‌ಟ್ಯಾಬ್' ಎಂದರೆ ತೆರೆಯುವುದು 1ನೇ ವಿಭಾಗ, ಅಂದರೆ ಕಮಾಂಡ್. ನಿಮಿಷ, ಗಂಟೆ, ದಿನ ಬರೆಯುವ ಆ 5 ಕಾಲಂಗಳ ವಿವರ ಅಲ್ಲಿಲ್ಲ, ಫೈಲುಗಳ ವಿಭಾಗವಾದ 5ರಲ್ಲಿದೆ: 'ಮ್ಯಾನ್ 5 ಕ್ರಾನ್‌ಟ್ಯಾಬ್'. ಅಡ್ಮಿನ್ ಕಮಾಂಡ್‌ಗಳು 8ರಲ್ಲಿ. ಸಿ ಭಾಷೆಯ 'ಪ್ರಿಂಟ್‌ಎಫ್' ಬೇಕಿದ್ದರೆ 3 (ಲೈಬ್ರರಿ ಫಂಕ್ಷನ್‌ಗಳ ವಿಭಾಗ) ಅಂತ ಹೇಳಲೇಬೇಕು, ಇಲ್ಲವಾದರೆ ಅದೇ ಹೆಸರಿನ ಶೆಲ್ ಕಮಾಂಡ್ (ಟರ್ಮಿನಲ್‌ನಲ್ಲಿ ಹೊಡೆಯುವಂಥದ್ದು) ಬರುತ್ತದೆ.

ಕಮಾಂಡನ್ನು ಬರೆಯುವ ರೀತಿ ತೋರಿಸುವ ಸಿನಾಪ್ಸಿಸ್ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಇಡೀ ಪುಟದಲ್ಲಿ ಅತಿ ಹೆಚ್ಚು ವಿಷಯ ಇರುವುದು ಆ ಎರಡು ಮೂರು ಸಾಲಿನಲ್ಲೇ. ಚೌಕ ಆವರಣದಲ್ಲಿರುವುದು ಐಚ್ಛಿಕ, ನಡುವೆ ನಿಂತ ಗೆರೆ ಎಂದರೆ ಇದು ಅಥವಾ ಅದು, ಮೂರು ಚುಕ್ಕಿ ಎಂದರೆ ಎಷ್ಟಾದರೂ ಕೊಡಬಹುದು. ಫೈಲ್ ಕಾಪಿ ಮಾಡುವ 'ಸಿಪಿ' (cp) ಪುಟದ ಒಂದು ಸಾಲಿನಲ್ಲಿ ಸೋರ್ಸ್ ಪಕ್ಕ ಚುಕ್ಕಿಗಳಿವೆ, ಕೊನೆಗೆ ಡೈರೆಕ್ಟರಿ ಇದೆ. ಮೂರು ಫೈಲ್ ಕಾಪಿ ಮಾಡುವಾಗ ಕೊನೆಯ ಹೆಸರಿನ ಫೋಲ್ಡರ್ ಮೊದಲೇ ಇರಬೇಕು ಎಂಬುದು ಆ ಸಾಲಿನಲ್ಲೇ ಇದೆ.

ಪುಟದೊಳಗೆ ಆರ್ ಆಪ್ಷನ್ ಹುಡುಕಲು ಸ್ಲ್ಯಾಶ್ ಒತ್ತಿ ಬರೀ ಹೈಫನ್ ಆರ್ ಕೊಟ್ಟರೆ ಎಲ್ಲೆಲ್ಲೋ ನಿಲ್ಲುತ್ತದೆ. /^ *- ಎಂದು ಹೊಡೆದು ಅದಕ್ಕೆ ಅಕ್ಷರ ಅಂಟಿಸಿ, ಸಾಲಿನ ಆರಂಭದಲ್ಲಿರುವುದು ಮಾತ್ರ ಸಿಗುತ್ತದೆ. ಮುಂದಿನದಕ್ಕೆ ಎನ್, ಹೊರಬರಲು ಕ್ಯೂ.

ಫೋಲ್ಡರ್ ಬದಲಿಸುವ 'ಸಿಡಿ'ಗೆ (cd) ಪುಟ ಇಲ್ಲ ಎಂದು ಬಂದರೆ ಗಾಬರಿ ಬೇಡ, ಅದು ಬ್ಯಾಷ್ ಎಂಬ ಶೆಲ್‌ನ ಒಳಗಿನದು: 'ಹೆಲ್ಪ್ ಸಿಡಿ' ಹೊಡೆಯಿರಿ. ಕಮಾಂಡಿನ ಹೆಸರೇ ಗೊತ್ತಿಲ್ಲದಿದ್ದರೆ 'ಅಪ್ರಪೋ' (apropos) ಜೊತೆ ಒಂದು ಪದ ಕೊಡಿ, ಅದಕ್ಕೆ ಹೊಂದುವ ಪುಟಗಳನ್ನು ತೋರಿಸುತ್ತದೆ. ಯಾವ ಪದಕ್ಕೂ ಏನೂ ಸಿಗದಿದ್ದರೆ ಪುಟಗಳ ಸೂಚಿ ತಯಾರಾಗಿಲ್ಲ ಎಂದರ್ಥ, ಅಡ್ಮಿನ್ ಅಧಿಕಾರ ಕೊಡುವ ಸುಡೋ (sudo) ಹಾಕಿ 'ಮ್ಯಾನ್‌ಡಿಬಿ' (mandb) ಓಡಿಸಿ.

ಉದಾಹರಣೆಗಳು ಕಡಿಮೆ ಎಂಬ ದೂರು ನಿಜ, ಒಪ್ಪುತ್ತೇನೆ. ಆದರೆ ಸ್ಕ್ರಿಪ್ಟ್ ಬರೆಯುವವರು ಎಕ್ಸಿಟ್ ಸ್ಟೇಟಸ್ (ಕಮಾಂಡ್ ಮುಗಿದಾಗ ಕೊಡುವ ಸಂಖ್ಯೆ) ಭಾಗವನ್ನಾದರೂ ಓದಲೇಬೇಕು. ಪದ ಹುಡುಕುವ 'ಗ್ರೆಪ್'ಗೆ (grep) ಏನೂ ಸಿಗದಿದ್ದರೆ 1, ನಿಜವಾದ ಎರರ್ ಆದರೆ 2. ಈ ವ್ಯತ್ಯಾಸ ನೋಡದೆ 'ಸೆಟ್' ಹೈಫನ್ ಇ (set -e, ಕಮಾಂಡ್ ವಿಫಲವಾದರೆ ನಿಲ್ಲು ಎಂಬ ಸೂಚನೆ) ಹಾಕಿದ ಸ್ಕ್ರಿಪ್ಟ್, ಹುಡುಕಿದ ಪದ ಇಲ್ಲ ಎಂಬ ಒಂದೇ ಕಾರಣಕ್ಕೆ ಸದ್ದಿಲ್ಲದೆ ಅರ್ಧಕ್ಕೇ ನಿಂತುಬಿಡುತ್ತದೆ.